ಎರಡನೆಯ ತಟ್ಟೆ ನೋಡುವ ಮೊದಲು

ಗರ್ಭದ ನೀರಿನಲ್ಲಿ ಸಿಗುವ ಮಗುವಿನ ಜೀವಕೋಶಗಳನ್ನು ಬೆಳೆಸಿ, ಅವುಗಳ ವರ್ಣತಂತುಗಳಲ್ಲಿ ಏರುಪೇರಿದೆಯೇ ಎಂದು ನೋಡುವುದು ಅವಳ ಕೆಲಸ. "ಇವಳಿಗೆ ಇರುವೆಯ ಮೀಸೆಯೂ ಕಾಣುತ್ತೆ, ಎದುರಿಗಿರೋ ಗಂಡ ಮಾತ್ರ ಕಾಣಲ್ಲ" ಎಂದು ಗಂಡ ರೇಗಿಸುತ್ತಿದ್ದ.

ಅವನ ತಂಗಿ ತಡವಾಗಿ ಬಸುರಾದಾಗ ಪರೀಕ್ಷೆಗೆ ಒತ್ತಾಯಿಸಿದವಳು ಇವಳೇ. "ಸುಮ್ನೆ ಒಂದ್ಸಲ ನೋಡಿಬಿಡೋಣ ಕಣೇ, ನಾನಿಲ್ವಾ?" ಆ ಮಾತಿನ ಮೇಲೆಯೇ ನಾದಿನಿ ಒಪ್ಪಿದ್ದಳು.

ನಾದಿನಿಯ ಗರ್ಭದ ನೀರಿನ ಮಾದರಿಯನ್ನು ಲ್ಯಾಬಿನಲ್ಲಿ ಅವಳೇ ಎರಡು ತಟ್ಟೆಗಳಲ್ಲಿ ಬೆಳೆಯಲು ಇಟ್ಟಳು. ಮೊದಲನೆಯದರಲ್ಲಿ ಹೆಚ್ಚಿನ ಕೋಶಗಳು ಸರಿಯಾಗಿದ್ದವು. ಕೆಲವುಗಳಲ್ಲಿ ಮಾತ್ರ ಒಂದು ವರ್ಣತಂತು ಹೆಚ್ಚಿಗೆ. ಮಗುವಿನಲ್ಲೇ ಎರಡು ಬಗೆಯ ಕೋಶಗಳು ಬೆರೆತಿದ್ದರೆ ಹೀಗೆ ಕಾಣುತ್ತದೆ. ತಟ್ಟೆಯಲ್ಲಿ ಬೆಳೆಯುವಾಗ ಹುಟ್ಟಿಕೊಂಡ ತಪ್ಪಾದರೂ ಹೀಗೇ. ಯಾವುದೆಂದು ತಿಳಿಯಲು ಎರಡನೆಯ ತಟ್ಟೆ ಬೇಕು, ಅದಿನ್ನೂ ಬೆಳೆದಿರಲಿಲ್ಲ. ಅಲ್ಲಿಯವರೆಗೆ ಯಾರ ಬಳಿಯೂ ಬಾಯಿ ಬಿಡಬಾರದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳೂ ಅವಳೇ.

ಸಂಜೆ ನಾದಿನಿಯ ಫೋನ್ ಬಂತು. "ಅತ್ತಿಗೆ, ಏನಾದ್ರೂ ಗೊತ್ತಾಯ್ತಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಒಂಚೂರು ಅನುಮಾನ ಇದೆ. ಗಾಬರಿ ಆಗ್ಬೇಡ."

ನಾದಿನಿ ಫೋನ್ ಇಟ್ಟುಬಿಟ್ಟಳು.

ಎರಡನೆಯ ತಟ್ಟೆಯಲ್ಲಿ ದೋಷವಿರಲಿಲ್ಲ. ಮತ್ತೊಮ್ಮೆ ನೀರು ತೆಗೆದು ನೋಡಿದರು, ಅದರಲ್ಲೂ ಇಲ್ಲ. ಮೊದಲು ಕಂಡದ್ದು ತಟ್ಟೆಯೊಳಗಿನ ಎಡವಟ್ಟೇ ಇರಬೇಕೆಂದು ವೈದ್ಯೆ ಬಿಡಿಸಿ ಹೇಳಿದರು. ನಾದಿನಿ ತಲೆಯಾಡಿಸಿದಳು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುವುದನ್ನು ಬಿಟ್ಟೇಬಿಟ್ಟಳು. ಮಗುವಿಗೆಂದು ತಂದಿದ್ದ ತೊಟ್ಟಿಲು ರಟ್ಟಿನ ಪೆಟ್ಟಿಗೆಯಲ್ಲೇ ಉಳಿಯಿತು.

ಅತ್ತಿಗೆ ಲ್ಯಾಬಿನ ಮುಖ್ಯಸ್ಥರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದಳು. "ಮನೆಯವರ ಮಾದರಿ ನೀವು ಮುಟ್ಟಲೇಬಾರದಿತ್ತು" ಎಂದರು ಅವರು. ಅವಳೂ ಹಾಗೇ ಅಂದುಕೊಂಡಿದ್ದಳು.

ಮಗು ಗುಂಡುಗುಂಡಾಗಿ ಹುಟ್ಟಿತು. ಅದರ ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಬಾಣಂತಿಯ ಮಂಚದ ಬಳಿ ಕೂತು ಅವಳು ಕ್ಷಮೆ ಕೇಳಿದಳು.

"ಬಿಡಿ ಅತ್ತಿಗೆ, ನೀವೇನು ಬೇಕು ಅಂತ ಹೇಳಿದ್ರಾ?" ಎಂದಳು ನಾದಿನಿ, ಗೋಡೆ ನೋಡುತ್ತ. ಬಾಯಿತುಂಬ ಬೈದಿದ್ದರೆ ಎದೆ ಎಷ್ಟೋ ಹಗುರವಾಗುತ್ತಿತ್ತು.

ಈಗ ನಾದಿನಿಯ ಮಗಳು ಮನೆತುಂಬ ಓಡುತ್ತಾಳೆ. ಮೊನ್ನೆ ಚಾಪೆಯ ಅಂಚಿಗೆ ಎಡವಿ ಬಿದ್ದು, ತಾನೇ ಎದ್ದು, ಕಿಲಕಿಲ ನಕ್ಕಳು. ಎಲ್ಲರೂ ನಕ್ಕರು. ನಾದಿನಿ ಮಾತ್ರ ಮಗಳನ್ನು ಬಿಟ್ಟು ಅತ್ತಿಗೆಯ ಮುಖ ನೋಡಿದಳು.

"ಎಲ್ಲಾ ಮಕ್ಕಳೂ ಹೀಗೇ ಬೀಳ್ತಾರಲ್ವಾ?"

"ಹೂಂ ಕಣೇ, ಹೀಗೇ ಬೀಳ್ತಾರೆ."

ನಿಜವನ್ನೇ ಹೇಳಿದ್ದಳು. ಆದರೂ ನಾದಿನಿಯ ಕಣ್ಣು ತಪ್ಪಿಸಿ, ಬಗ್ಗಿ ಚಾಪೆಯ ಅಂಚು ಸರಿಪಡಿಸಿದಳು.