ಹೆಸರು ಹಿಡಿದು ಕರೆಯದ ಸಿನಿಮಾ

ಸಾಸ್ತೂರಿನಲ್ಲಿ ನಮ್ಮ ಪಕ್ಕದ ಮನೆಯ ಆಯಿಗೆ ಹಿಂದಿಗೆ ಡಬ್ ಆದ ಅನ್ಯಗ್ರಹದ ಸಿನಿಮಾ ಎಂದರೆ ಪ್ರಾಣ. ರೊಟ್ಟಿ ಬಡಿಯುತ್ತಲೇ ನೋಡುತ್ತಿದ್ದರು. ಹಾರುವ ತಟ್ಟೆ, ಮೂರು ಕಣ್ಣಿನ ಜೀವಿ, ಎಲ್ಲವನ್ನೂ ತಕರಾರಿಲ್ಲದೆ ನಂಬುತ್ತಿದ್ದರು. ಊರು ಕುಸಿಯುವ ದೃಶ್ಯ ಬಂದರೆ ಮಾತ್ರ ಸಿಟ್ಟು.

"ಸುಳ್ಳ ಅದ ತಮ್ಮಾ. ಬರೇ ಚೀರಕೋತ ಓಡ್ತಾರ. ತಮ್ಮವರ ಹೆಸರ ಹಿಡದ ಕರೀತಾರೇನ ಒಬ್ಬರರೆ?"

ಊರನ್ನೇ ನೆಲಸಮ ಮಾಡಿದ ಭೂಕಂಪದಲ್ಲಿ ಆಯಿ ಮನೆಮಂದಿಯನ್ನೆಲ್ಲ ಕಳೆದುಕೊಂಡಿದ್ದರು.

ಒಂದು ಮಧ್ಯಾಹ್ನ ಅಂಥದೇ ಸಿನಿಮಾದಲ್ಲಿ ಗಗನನೌಕೆ ಒಡೆಯಿತು. ಬದುಕುಳಿದ ನಾಯಕಿ ರೇಡಿಯೊ ಹಿಡಿದು ಜೊತೆಗಾರರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದಳು. ಯಾರೂ ಓಗೊಡಲಿಲ್ಲ. ಮತ್ತೆ ಮೊದಲಿನಿಂದ ಕರೆದಳು. ಆಯಿಯ ಕೈ ಹಿಟ್ಟಿನಲ್ಲೇ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು.

"ಇದು ಖರೆ ಅದ," ಎಂದರು. ಆಮೇಲೆ ಟಿವಿಯತ್ತ ಬಾಗಿ, ಮೆಲ್ಲಗೆ, "ಇನ್ನೊಂದ ಸಲ ಕರಿ ನನ್ನವ್ವಾ. ಬಿಡಬ್ಯಾಡ."