ಡಬ್ಬಿಯ ಗುಲಾಬಿ ನೋಟುಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಕೂತ ಕೂಡಲೇ ಹಿತ್ತಲಿನ ಹುಲ್ಲು ಕತ್ತರಿಸುವುದು ನೆನಪಾಗುತ್ತದೆ, ಇಲ್ಲವೇ ಗರಾಜಿನ ಬಾಗಿಲು ಕಿರುಗುಟ್ಟುವುದು ನೆನಪಾಗಿ ಎಣ್ಣೆ ಹಾಕಲು ಹೋಗುತ್ತೇನೆ. ಇವತ್ತು ಹೊರಗೆ ಹಿಮ ಬಿದ್ದಿದೆ, ಕತ್ತರಿಸಲು ಹುಲ್ಲಿಲ್ಲ. ಬಾಗಿಲೂ ಸದ್ದು ಮಾಡುತ್ತಿಲ್ಲ. ನೆಪ ಮುಗಿದಿದೆ, ಬರೆಯುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಣ್ಣ ಕರೆಸಿಕೊಂಡದ್ದರಿಂದ ಈ ದೇಶಕ್ಕೆ ಬಂದೆ. ಷಿಕಾಗೊ ಹತ್ತಿರದ ಬೋಲಿಂಗ್‌ಬ್ರೂಕಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಇಳಿಸಿ, ಆಮೇಲೆ ಫೋರ್ಕ್‌ಲಿಫ್ಟ್ ಗಾಡಿ ಓಡಿಸಿ ರಿಟೈರ್ ಆದೆ. ವುಡ್‌ರಿಡ್ಜ್‌ನ ನಮ್ಮ ಬಡಾವಣೆಯಲ್ಲಿರುವ ಕನ್ನಡದವರೆಲ್ಲ ಇಂಜಿನಿಯರುಗಳು. ಹಬ್ಬದ ಊಟಕ್ಕೆ ಸೇರಿದಾಗ ಅವರು ವೀಸಾ, ಸ್ಟಾಕು ಎಂದು ಮಾತಾಡುತ್ತಿದ್ದರೆ ನಾನು ತಟ್ಟೆಯ ಉಪ್ಪಿನಕಾಯಿ ನೋಡುತ್ತ ಕೂರುತ್ತಿದ್ದೆ. ಅವರಿಗೆ ನನ್ನಿಂದ ಆಗಬೇಕಾದ ಕೆಲಸ ಒಂದೇ ಇತ್ತು, ರೂಪಾಯಿ.

ಊರಿಗೆ ಹೊರಟವರಿಗೆ ಇಳಿದ ಕೂಡಲೇ ಕೈಯಲ್ಲಿ ಸ್ವಲ್ಪ ರೂಪಾಯಿ ಬೇಕು. ಏರ್‌ಪೋರ್ಟಿನ ಕೌಂಟರಿನಲ್ಲಿ ರೇಟೂ ಕಡಿಮೆ, ಮೇಲೆ ಫೀಸು ಬೇರೆ. ಇಲ್ಲಿನ ಬ್ಯಾಂಕಿಗೆ ಮುಂಚೆಯೇ ಹೇಳಿ ತರಿಸಬೇಕು, ಅದೂ ದುಬಾರಿ. ಊರಿನಿಂದ ಹಿಂತಿರುಗಿದವರ ಮನೆಯಲ್ಲೋ ಉಳಿದ ನೋಟುಗಳು ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಬಂದವರಿಂದ ನಾನು ತೆಗೆದುಕೊಳ್ಳುತ್ತಿದ್ದೆ, ಹೊರಟವರಿಗೆ ಕೊಡುತ್ತಿದ್ದೆ. ಅವತ್ತು ಫೋನಿನಲ್ಲಿ ತೋರಿಸುವ ರೇಟೇ ರೇಟು. ನನಗೆ ಒಂದು ಸೆಂಟಿನ ಲಾಭವೂ ಇರಲಿಲ್ಲ. ಬೆಣ್ಣೆ ಬಿಸ್ಕತ್ತು ಬರುತ್ತದಲ್ಲ, ಆ ನೀಲಿ ತಗಡಿನ ಡಬ್ಬಿಯಲ್ಲಿ ನೋಟುಗಳನ್ನು ಇಡುತ್ತಿದ್ದೆ.

“ಅಂಕಲ್, ಇವತ್ತು ಬ್ಯಾಂಕ್ ಓಪನ್ ಇದೆಯಾ?” ಎಂದು ಫೋನ್ ಮಾಡುತ್ತಿದ್ದರು.

“ಮ್ಯಾನೇಜರ್ ಬನಿಯನ್‌ನಲ್ಲಿದಾರೆ, ಹತ್ತು ನಿಮಿಷ ಬಿಟ್ಟು ಬನ್ನಿ” ಅನ್ನುತ್ತಿದ್ದೆ.

ಇಲ್ಲೇ ಹುಟ್ಟಿದ ನನ್ನ ಮಗಳು, “ಡ್ಯಾಡ್, ದೇ ಹ್ಯಾವ್ ಎಟಿಎಮ್ಸ್ ದೇರ್” ಎಂದು ನಗುತ್ತಿದ್ದಳು. ಅವಳು ಹೇಳಿದ್ದು ಸರಿಯೇ. ಆದರೆ ಎಲ್ಲರೂ ಎಟಿಎಮ್ಮಿಗೆ ಹೋದರೆ ನನ್ನ ಮನೆಗೆ ಯಾರು ಬರುತ್ತಾರೆ?

ಒಂದು ಸಲ ಊರಿನಿಂದ ಬಂದವರೊಬ್ಬರು ಕೊಟ್ಟ ನೋಟೆಲ್ಲ ಎರಡು ಸಾವಿರದವೇ ಆಗಿದ್ದವು. ಗುಲಾಬಿ ಬಣ್ಣದ್ದು. ಡಾಲರ್ ಕೊಟ್ಟು ಇಟ್ಟುಕೊಂಡೆ. ಕೆಲವೇ ವಾರಗಳಲ್ಲಿ ಫೋನಿನಲ್ಲಿ ಊರಿನ ಸುದ್ದಿ ನೋಡುತ್ತಿದ್ದವನು ಕುರ್ಚಿಯಿಂದ ಎದ್ದು ನಿಂತೆ. ಗುಲಾಬಿ ನೋಟನ್ನು ಸರ್ಕಾರ ವಾಪಸು ತೆಗೆದುಕೊಳ್ಳುತ್ತದಂತೆ. ಸದ್ಯಕ್ಕೆ ಚಲಾವಣೆಯಲ್ಲಿರುತ್ತದೆ, ಕೆಲವು ತಿಂಗಳೊಳಗೆ ಬ್ಯಾಂಕಿಗೆ ಕೊಟ್ಟು ಬದಲಾಯಿಸಿಕೊಳ್ಳಬೇಕು. ನನಗೆ ಆ ವರ್ಷ ಊರಿಗೆ ಹೋಗುವುದಿರಲಿಲ್ಲ. ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಅಡುಗೆಮನೆಗೆ ಓಡಾಡಿದೆ. ಹೆಂಡತಿ, “ಏನು ಹುಡುಕ್ತಿದೀರಿ?” ಅಂದಳು. ಸ್ಕ್ರೂಡ್ರೈವರ್ ಅಂದೆ.

ಮಾರನೆಯ ದಿನ ನಾದಿನಿ ಬಂದಳು. ಅವಳ ಮನೆ ಡೆಟ್ರಾಯಿಟ್ ಹತ್ತಿರದ ವಾರೆನ್‌ನಲ್ಲಿ, ಗಂಡನಿಗೆ ಅಲ್ಲಿ ಕಾರು ಡಿಸೈನ್ ಮಾಡುವ ಕೆಲಸ. ತುಮಕೂರಿನಲ್ಲಿ ಅವಳ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಷಿಕಾಗೊದಿಂದ ಟಿಕೆಟ್ ಸಿಕ್ಕಿತ್ತು. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಯಲ್ಲಿ ಒಂದು ತುತ್ತು ತಿಂದು ಹೊರಡುವ ಅವಸರ. ರಜೆ ಸಿಗದ ಗಂಡ ಅವಳನ್ನು ಬಿಡಲು ಬಂದಿದ್ದ. ಇಬ್ಬರೂ ರಾತ್ರಿಯಿಡೀ ಪ್ಯಾಕ್ ಮಾಡಿ ಡ್ರೈವ್ ಮಾಡಿಕೊಂಡು ಬಂದವರು, ಸುದ್ದಿ ಗಿದ್ದಿ ಏನೂ ನೋಡಿರಲಿಲ್ಲ.

“ಭಾವ, ಸ್ವಲ್ಪ ಡಾಲರೂ ಇಟ್ಕೊಳ್ಳಾ?” ಅಂದಳು.

“ಡಾಲರ್ ಯಾಕಮ್ಮ? ಅಲ್ಲಿ ಕೌಂಟರಲ್ಲಿ ಕತ್ತು ಕುಯ್ತಾರೆ. ನಮ್ಮ ಡಬ್ಬಿ ಇರೋದು ಯಾಕೆ?”

ಡಬ್ಬಿಯಲ್ಲಿ ಐನೂರರ ನೋಟುಗಳೂ ಇದ್ದವು. ಅವಳು ಊಟಕ್ಕೆ ಕೂತಿದ್ದಾಗ ಅವನ್ನು ಪಕ್ಕಕ್ಕೆ ಸರಿಸಿ, ಗುಲಾಬಿ ನೋಟುಗಳನ್ನಷ್ಟೇ ಕವರಿಗೆ ತುಂಬಿ ಅಂಟಿಸಿದೆ. ಹೆಂಡತಿ ತಂಗಿಯ ಬ್ಯಾಗಿಗೆ ಚಟ್ನಿಪುಡಿ ತುಂಬುತ್ತಿದ್ದಳು. “ಇದನ್ನೂ ಹಾಕು” ಎಂದು ಅವಳ ಕೈಗೆ ಕೊಟ್ಟೆ. ನೋಟು ಇನ್ನೂ ಚಲಾವಣೆಯಲ್ಲಿದೆಯಲ್ಲ, ಹೋಗುತ್ತಿರುವವಳು ಬದಲಾಯಿಸಿಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿಬಿಟ್ಟು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ, “ಹಾಗಾದ್ರೆ ಐನೂರರದ್ದು ಕೊಡಿ ಭಾವ” ಅನ್ನುತ್ತಿದ್ದಳು.

ಅವಳು ಊರು ತಲುಪಿ ಫೋನ್ ಮಾಡಿದಾಗ ಹೆಂಡತಿ ಚಪಾತಿ ಹಿಟ್ಟು ನಾದುತ್ತಿದ್ದಳು. ಕೈ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿದ್ದಳು. ನಾದಿನಿ ಅಳುತ್ತಿದ್ದಳು. ಆಸ್ಪತ್ರೆಯ ಮುಂದೆ ಟ್ಯಾಕ್ಸಿಯವನು, “ಪಿಂಕ್ ನೋಟ್ ಬೇಡ ಮೇಡಂ, ಯಾರೂ ತಗೊಳ್ತಿಲ್ಲ” ಅಂದನಂತೆ. ಇಲ್ಲಿನ ಕಾರ್ಡು ಅಲ್ಲಿ ಕೆಲಸ ಮಾಡಲಿಲ್ಲ. ಕೊನೆಗೆ ವಾರಗಿತ್ತಿ ಕೆಳಗಿಳಿದು ಬಂದು ಟ್ಯಾಕ್ಸಿಗೆ ಕೊಟ್ಟಳು. ಆಮೇಲೆ ವಾರ್ಡಿನ ಬಾಗಿಲಲ್ಲಿ, ನೆಂಟರೆಲ್ಲ ನಿಂತಿರುವಾಗ, “ಸಾಯೋ ಅತ್ತೇನ ನೋಡೋಕೆ ಬಂದ್ಳೋ, ಸತ್ತ ನೋಟು ಸಾಗಹಾಕೋಕೆ ಬಂದ್ಳೋ!” ಅಂದಳಂತೆ. ಎಲ್ಲರೂ ನಕ್ಕರಂತೆ.

“ಅಕ್ಕ, ಆ ಕವರಿಗೆ ನೋಟು ಹಾಕಿದ್ದು ಯಾರೇ?”

ಹೆಂಡತಿ ಬಾಯಿ ತೆರೆಯುವ ಮುಂಚೆ ನಾನು ಫೋನಿನ ಹತ್ತಿರ ಬಗ್ಗಿ ಹೇಳಿದೆ: “ನಿಮ್ಮಕ್ಕಾನೇ ಹಾಕಿದ್ದಮ್ಮ. ಅವಳಿಗೆ ಸುದ್ದಿ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ಹಾಕ್ಬಿಟ್ಟಿದಾಳೆ.”

ಹೆಂಡತಿ ನನ್ನನ್ನು ನೋಡಿದಳು. ಕೈ ನಿಂತಿತ್ತು. ಆಮೇಲೆ ಫೋನಿನ ಕಡೆಗೆ ತಿರುಗಿ, “ಹೂಂ ಕಣೇ, ನಾನೇ. ನೋಡ್ಲಿಲ್ಲ” ಅಂದಳು.

“ನೀನು ನೋಡ್ದೆ ಸಾರಿಗೆ ಒಂದು ಮೆಣಸಿನಕಾಯೀನೂ ಹಾಕೋಳಲ್ಲ, ಅಕ್ಕ.” ಫೋನ್ ಕಟ್ಟಾಯಿತು. ಹೆಂಡತಿ ಮತ್ತೆ ಹಿಟ್ಟು ನಾದಿದಳು.

ನಾದಿನಿಯ ಅತ್ತೆ ಗುಣವಾಗಿ ಮನೆಗೆ ಬಂದರು. ನೋಟುಗಳೂ ಬ್ಯಾಂಕಿನಲ್ಲಿ ಬದಲಾದವು, ಒಂದು ರೂಪಾಯಿಯೂ ನಷ್ಟವಾಗಲಿಲ್ಲ. ನಿಂತುಹೋದದ್ದು ಭಾನುವಾರದ ಫೋನು. ಅಕ್ಕ ತಂಗಿ ಇಬ್ಬರೂ ಸ್ಪೀಕರ್ ಹಾಕಿಕೊಂಡು, ಅವಳು ಅಲ್ಲಿ ಪಾತ್ರೆ ತೊಳೆಯುತ್ತ, ಇವಳು ಇಲ್ಲಿ ತರಕಾರಿ ಹೆಚ್ಚುತ್ತ, ಬೆಳಗೆಲ್ಲ ಮಾತಾಡುತ್ತಿದ್ದರು. ಆಮೇಲಿನ ಭಾನುವಾರಗಳಲ್ಲೂ ಹೆಂಡತಿ ಫೋನನ್ನು ತರಕಾರಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಹಾಲು ಇದ್ದರೂ ಹಾಲು ತರುತ್ತೇನೆಂದು ಗಾಡಿ ತೆಗೆದು, ಐ-355 ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ದೂರ ಹೋಗಿ ತಿರುಗಿ ಬರುತ್ತಿದ್ದೆ. ನಮ್ಮ ಫ್ರಿಜ್ಜಿನಲ್ಲಿ ಹಾಲು ಹೆಚ್ಚಾಗಿ ಮೊಸರು ಹೆಚ್ಚಾಯಿತು.

ಈ ಚಳಿಗಾಲದಲ್ಲಿ ಸುತ್ತಲಿನ ರಾಜ್ಯಗಳ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಾದಿನಿಯದೊಂದು ಮೆಸೇಜು ಬಂತು. ಊರಿಗೆ ಹೋಗುತ್ತಿದ್ದೇನೆ, ಯಾರ ಹತ್ತಿರವಾದರೂ ರೂಪಾಯಿ ಇದ್ದರೆ ತಿಳಿಸಿ ಎಂದು. ಗುರುತಿಲ್ಲದವರನ್ನು ಕೇಳುತ್ತಿದ್ದಳು. ಹೆಂಡತಿ ಓದಿ, ಫೋನನ್ನು ಮಗುಚಿಟ್ಟು, “ನಮ್ಮ ಡಬ್ಬಿ ತುಂಬಿದೆ ಅಲ್ವಾ?” ಅಂದಳು. ಅಷ್ಟೇ.

“ಸ್ವೆಟರ್ ಹಾಕ್ಕೋ, ವಾರೆನ್‌ಗೆ ಹೋಗೋಣ” ಅಂದೆ.

ದಾರಿಯುದ್ದಕ್ಕೂ, ಮುಂದಿನ ಎಕ್ಸಿಟ್ ಬಂದಾಗ ಇವಳಿಗೆ ಹೇಳುತ್ತೇನೆ ಅಂದುಕೊಂಡೆ. ಇಂಡಿಯಾನಾ ದಾಟಿತು, ಮಿಷಿಗನ್ ಬಂತು, ಕಲಮಜೂ ಹಿಂದಾಯಿತು. “ಬಾತ್‌ರೂಮಿಗೆ ನಿಲ್ಲಿಸ್ಬೇಕಾದ್ರೆ ನಿಲ್ಲಿಸಿ. ಆಗ್ಲಿಂದ ಸ್ಟೀರಿಂಗ್ ಮೇಲೆ ತಾಳ ಹಾಕ್ತಿದೀರ” ಅಂದಳು. ಬೇಡ ಅಂದೆ.

ನಾದಿನಿ ಬಾಗಿಲು ತೆಗೆದಳು. ಅಕ್ಕನನ್ನು ನೋಡಿ ಮುಖ ಬಿಗಿಯಾಯಿತು. ಒಳಗೆ ಹೋದರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ತಪ್ಪುತ್ತದೆ ಎಂದು ಹೆದರಿ, ಹಿಮದಲ್ಲೇ ಡಬ್ಬಿ ಹಿಡಿದು ನಿಂತು ಎಲ್ಲವನ್ನೂ ಹೇಳಿದೆ. ಸುದ್ದಿ ನೋಡಿದ್ದು, ಐನೂರರದ್ದನ್ನು ಪಕ್ಕಕ್ಕೆ ಸರಿಸಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು. “ತಪ್ಪು ನಂದು. ಕ್ಷಮಿಸಮ್ಮ” ಅಂದೆ.

ಅವಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. “ಒಳಗೆ ಬನ್ನಿ ಭಾವ, ಹೀಟೆಲ್ಲ ಹೊರಗೆ ಹೋಗ್ತಿದೆ” ಅಂದಳು. ಡಬ್ಬಿ ತೆಗೆದು ಒಂದು ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದಾದ್ರೂ ನಡಿಯುತ್ತಾ?” ಎಂದು ಚುಚ್ಚಿದಳು. ಅಕ್ಕನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

ನಾನು ಶೂ ಬಿಚ್ಚುತ್ತ ಬಾಗಿಲ ಬಳಿಯೇ ಕೂತಿದ್ದೆ. ಒಳಗಿನ ಮಾತು ಕೇಳಿಸಿತು.

“ಇಷ್ಟು ದಿನ ಯಾಕೇ ಹೇಳ್ಲಿಲ್ಲ ನೀನು?”

“ಏನಂತ ಹೇಳ್ಲೇ? ಇವರಿಗೆ ಇರೋದು ಅದೊಂದು ಡಬ್ಬಿ.”

ಬಿಚ್ಚಿದ ಶೂವನ್ನು ಮತ್ತೆ ಹಾಕಿಕೊಂಡು ಹೊರಗೆ ಹೋಗಿ, ಯಾರೂ ಹೇಳದಿದ್ದರೂ ಮನೆ ಮುಂದಿನ ಡ್ರೈವ್‌ವೇಯ ಹಿಮವನ್ನೆಲ್ಲ ತೆಗೆದೆ.

ಈಗ ಭಾನುವಾರದ ಫೋನು ಮತ್ತೆ ಬರುತ್ತದೆ. ನಾದಿನಿಯ ಕ್ಷಮೆ ಕೇಳಿದೆ, ಅವಳ ಗಂಡನ ಮುಂದೆಯೂ ಒಪ್ಪಿಕೊಂಡೆ. ಹೋಗುವಾಗ ಐದು ಗಂಟೆ, ಬರುವಾಗ ಐದು ಗಂಟೆ ಪಕ್ಕದ ಸೀಟಿನಲ್ಲಿ ಕೂತಿದ್ದವಳಿಗೆ ಮಾತ್ರ ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ನಾನು ಬರೆದದ್ದರಲ್ಲಿ ಒತ್ತಕ್ಷರ ತಿದ್ದುವವಳು ಅವಳೇ, ಈ ಹಾಳೆಗಳನ್ನೂ ಅವಳೇ ಮೊದಲು ಓದುತ್ತಾಳೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತಿದೆ, ನಾನು ಮತ್ತೆ ಕುರ್ಚಿಯಿಂದ ಎದ್ದಿದ್ದೇನೆ. ನಾನು ಇನ್ನೂ ಕ್ಷಮೆ ಕೇಳದಿರುವುದು ನನ್ನ ಹೆಂಡತಿಯನ್ನು.