ಕಲ್ಲು ಕುಡಿದ ನೀರು

ಯಾಕೂಬಸಾಬನ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ಬಾಯಿಯ ಬಗ್ಗೆ ಬರೆಯಬೇಕು. ನನ್ನ ಹೆಸರು ಕುಬೇರಪ್ಪ. ಅಣ್ಣಿಗೇರಿಯ ಪೇಟೆಯಲ್ಲಿ ಸಣ್ಣದೊಂದು ಛಾಪಖಾನೆ ಇಟ್ಟುಕೊಂಡಿದ್ದೆ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಮಠದ ಕರಪತ್ರ, ಏನು ಬಂದರೂ ಅಚ್ಚು ಹಾಕಿ ಕೊಡುತ್ತಿದ್ದೆ. ಕೆಲಸ ಅಚ್ಚುಕಟ್ಟು, ಮಾತು ಮಾತ್ರ ಖಾರ. ಸಿಟ್ಟು ಬಂದರೆ ಎದುರಿಗಿದ್ದವನು ಗಿರಾಕಿಯೋ ಬೀಗನೋ ಎಂದು ನೋಡುವವನಲ್ಲ. ನನ್ನ ಹೆಂಡತಿ ಮಹಾದೇವಕ್ಕ "ನಿಮ್ಮ ಬಾಯಿಗಿ ಒಂದು ಕೀಲಿ ಹಾಕಸ್ರಿ" ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದಳು.

ಯಾಕೂಬಸಾಬ ಸಾಣೆ ಹಿಡಿಯುವವನು. ಅವನ ಅಪ್ಪ ನೇಕಾರ. ಮಗನಿಗೆ ಮಗ್ಗದ ಕುಣಿಯಲ್ಲಿ ಕೂರುವುದು ಸೇರಲಿಲ್ಲ. ಸೋದರಮಾವನ ಹಿಂದೆ ತಿರುಗಿ ಸಾಣೆಯ ಕೆಲಸ ಕಲಿತ. ಸೈಕಲ್ಲಿಗೆ ಕುರುಂದದ ಚಕ್ರ ಕಟ್ಟಿ, ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಕಿಡಿ ಹಾರುತ್ತಿದ್ದವು. ತೆಳ್ಳಗೆ ಉದ್ದಕ್ಕಿದ್ದ ಆಸಾಮಿ, ಮಾತು ಬಹಳ ಕಡಿಮೆ. ಹರಿತ ನೋಡಲು ಮುಂಗೈ ಕೂದಲು ಬೋಳಿಸಿಕೊಳ್ಳುತ್ತಿದ್ದ. ಹೀಗಾಗಿ ಅವನ ಎಡಗೈ ಮೇಲೆ ಒಂದು ಕೂದಲೂ ಇರುತ್ತಿರಲಿಲ್ಲ. ಹೆಂಗಸರ ಈಳಿಗೆ, ದರ್ಜಿಗಳ ಕತ್ತರಿ, ಹನಮಂತಪ್ಪನ ಕ್ಷೌರದ ಕತ್ತಿ, ಎಲ್ಲ ಅವನ ಕೈಯಿಂದಲೇ ಹೋಗುತ್ತಿದ್ದವು.

ನನ್ನಲ್ಲಿ ಕಾಗದ ಕತ್ತರಿಸುವ ಯಂತ್ರವೊಂದಿತ್ತು. ಅದರ ಬ್ಲೇಡು ಎರಡೂವರೆ ಅಡಿ ಉದ್ದ. ಮೊಂಡಾದರೆ ಹುಬ್ಬಳ್ಳಿಗೆ ಕಳಿಸಬೇಕು, ಎಂಟು ದಿನ ಕಾಯಬೇಕು. ಎಂಬತ್ತಮೂರರಲ್ಲಿ ಒಮ್ಮೆ ಕೆಲಸದ ಅವಸರಕ್ಕೆ ಅದನ್ನು ಯಾಕೂಬಸಾಬನ ಕೈಗೆ ಕೊಟ್ಟೆ. ಬೇಡವೆಂದು ಅವನು ಎರಡು ಸಲ ಅಂದ, ನಾನೇ ಒತ್ತಾಯ ಮಾಡಿದೆ. ಮಧ್ಯಾಹ್ನದ ತನಕ ತಿಕ್ಕಿದ. ಸಂಜೆ ನೋಡಿದರೆ ಅಂಚು ಅಲ್ಲಲ್ಲಿ ನೀಲಿಗಟ್ಟಿತ್ತು. ಒಣ ಚಕ್ರದ ಬಿಸಿಗೆ ಉಕ್ಕಿನ ಹದ ಕೆಟ್ಟಿದೆ ಎಂದು ಆಗ ನನಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಮೂರನೆಯ ದಿನ ಅಂಚು ಪುಡಿಪುಡಿಯಾಗಿ ಗರಗಸದಂತಾಯಿತು.

ಆ ಹೊತ್ತಿಗೆ ಅವನು ಪೇಟೆಯಲ್ಲೇ ಸಿಕ್ಕ. ಸಂತೆಯ ದಿನ, ಜನ ತುಂಬಿದ್ದರು. "ಕಬ್ಬಿಣ ಸುಡೂದು ಕಲ್ತೀಯೋ, ಸಾಣಿ ಹಿಡಿಯೂದು ಕಲ್ತೀಯೋ? ನಿನ್ನ ಕೈಯಾಗ ಏನೂ ಇಲ್ಲ ಲೇ! ಇನ್ನೊಬ್ಬರ ಸಾಮಾನು ಮುಟ್ಟಬ್ಯಾಡ!" ಎಂದು ಕೂಗಾಡಿದೆ. ಅವನು ಸೈಕಲ್ ತಳ್ಳಿಕೊಂಡು ಹೋದ.

ನನ್ನ ಸಿಟ್ಟು ರಾತ್ರಿ ಊಟಕ್ಕೆ ಕೂರುವ ಮೊದಲೇ ಇಳಿದಿತ್ತು. ಊರಿನ ಕಿವಿಗೆ ಬಿದ್ದದ್ದು ಮಾತ್ರ ಇಳಿಯಲಿಲ್ಲ. ಮೊದಲು ಹನಮಂತಪ್ಪ ಕ್ಷೌರದ ಕತ್ತಿ ಕೊಡುವುದು ಬಿಟ್ಟ, ಆಮೇಲೆ ದರ್ಜಿಗಳು, ಆಮೇಲೆ ಹೆಂಗಸರು. ಅಣ್ಣಿಗೇರಿಯಲ್ಲಿ ಯಾಕೂಬಸಾಬನಿಗೆ ಕೆಲಸ ಇಲ್ಲವಾಯಿತು. ಅವನು ನವಲಗುಂದದ ಕಡೆಯ ಹಳ್ಳಿಗಳಿಗೆ ಸೈಕಲ್ ಹೊಡೆಯತೊಡಗಿದ. ನನಗೆ ಇದೆಲ್ಲ ಗೊತ್ತಿತ್ತು. ಹೋಗಿ ಸರಿಪಡಿಸಬಹುದಿತ್ತು, ಆದರೆ ನನ್ನಂಥವರಿಗೆ ಬೈಯುವುದು ಹಗುರ, ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಭಾರ. ಸುಮ್ಮನಿದ್ದೆ.

ಎರಡು ವರ್ಷದ ಮೇಲೆ, ಒಂದು ಬೇಸಿಗೆಯ ಮುಂಜಾನೆ, ಅವನೇ ಬಂದು ಬಾಗಿಲಲ್ಲಿ ನಿಂತ.

"ಅಣ್ಣಾರ, ನಿಮ್ಮ ಹಿತ್ತಲದಾಗ ಒಂದು ಮೂಲಿ ಕೊಡ್ರಿ. ನೀರಿನ ಸಾಣಿ ಕೂಡಸ್ತೀನಿ."

"ನೀರಿನ ಸಾಣಿ ಅಂದ್ರೇನೋ?"

"ದೊಡ್ಡ ಮರಳುಗಲ್ಲು. ಬುಡಕ್ಕ ನೀರು. ಸಾವಕಾಶ ತಿರಗತೈತಿ. ಉಕ್ಕಿಗೆ ಬಿಸಿ ಹತ್ತೂದಿಲ್ರಿ."

"ಮತ್ತ ನನ್ನ ಹಿತ್ತಲನ ಯಾಕ ಬೇಕು?"

ಅವನು ನೆಲ ನೋಡುತ್ತ ಹೇಳಿದ. "ನೀವು ಬೈದದ್ದು ಊರು ಕೇಳೇತ್ರಿ. ನೀವ ಕಣ್ಣಾರೆ ನೋಡಿ ಹೌದಂದ್ರ ಅದನ್ನೂ ಊರು ಕೇಳ್ತೈತಿ. ಆಗಲಿಲ್ಲಂದ್ರ ಈ ಕೆಲಸನ ಬಿಡ್ತೀನಿ."

ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಜಾಗ ಕೊಟ್ಟೆ.

ಕಲ್ಲು ಬಾದಾಮಿ ಕಡೆಯಿಂದ ಲಾರಿಯಲ್ಲಿ ಬಂತು. ಒಂದೂವರೆ ಅಡಿ ಅಗಲದ ಗುಂಡು ಕಲ್ಲು, ಮೂರು ಬೆರಳು ದಪ್ಪ. ನಡುವಿನ ತೂತನ್ನು ಅವನೇ ಒಂಬತ್ತು ದಿನ ಕೂತು ಕೊರೆದ. ತೂತಿಗೆ ಕಬ್ಬಿಣದ ಅಚ್ಚು ತೂರಿಸಿ, ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳನ್ನು ತಂದು, ಕಾಲಿನಿಂದ ತುಳಿದರೆ ಕಲ್ಲು ತಿರುಗುವಂತೆ ಮಾಡಿದ. ಕೆಳಗೆ ತಗಡಿನ ದೋಣಿ. ಕಲ್ಲಿನ ಬುಡ ಎರಡು ಬೆರಳು ಮುಳುಗುವಷ್ಟು ನೀರು ಸಾಕು ಅನ್ನುತ್ತಿದ್ದ. ಸಂಜೆ ಏಳುವ ಮುಂಚೆ ದೋಣಿಯ ತಳದ ಬಟ್ಟೆಯ ಬೆಣೆ ಕಿತ್ತು ನೀರೆಲ್ಲ ಬಿಟ್ಟುಬಿಡುತ್ತಿದ್ದ. ಸೊಳ್ಳೆಗೆ ಹೆದರಿ ಹಾಗೆ ಮಾಡುತ್ತಾನೆ ಎಂದು ನಾನು ತಿಳಿದಿದ್ದೆ, ಕೇಳಲಿಲ್ಲ.

ನಿಜವಾದ ಕೆಲಸ ಆಮೇಲಿನದು. ಕಲ್ಲಿನ ಮುಂದೆ ಅಡ್ಡಲಾಗಿ ಒಂದು ಕಬ್ಬಿಣದ ಸಲಾಕೆ ಕೂಡಿಸಿದ. ಬ್ಲೇಡು ಅದರ ಮೇಲೆ ಒರಗಿ ಎಡದಿಂದ ಬಲಕ್ಕೆ ಜಾರಬೇಕು. ಸಲಾಕೆಗೂ ಕಲ್ಲಿಗೂ ನಡುವಿನ ಸಂದು ಈ ತುದಿಯಲ್ಲಿ ಎಷ್ಟಿದೆಯೋ ಆ ತುದಿಯಲ್ಲೂ ಅಷ್ಟೇ ಇರಬೇಕು. ಕೂದಲೆಳೆ ಹೆಚ್ಚುಕಡಿಮೆಯಾದರೆ ಅಂಚು ಸೊಟ್ಟ. ಅಳೆಯುವುದು ಹೇಗೆ ಎಂದು ಎರಡು ದಿನ ತಲೆ ಕೆರೆದುಕೊಂಡ. ಕೊನೆಗೆ ನಾವು ಅಚ್ಚುಮೊಳೆ ಜೋಡಿಸುವಾಗ ಸಾಲಿನ ನಡುವೆ ಇಡುವ ಸೀಸದ ಪಟ್ಟಿಗಳನ್ನು ನಾನೇ ತಂದುಕೊಟ್ಟೆ. ಅವೆಲ್ಲ ಒಂದೇ ದಪ್ಪ. ಎರಡೂ ತುದಿಗೆ ಒಂದೊಂದು ತೂರಿಸಿ ನೋಡಿ, ಸಲಾಕೆಯನ್ನು ಬಡಿದು ಬಡಿದು ಸರಿಮಾಡಿದ. ಅವನ ಮುಖದಲ್ಲಿ ಮೊದಲ ಸಲ ನಗು ಕಂಡೆ. ಓರೆ ಸರಿಯಾಗಿದೆಯೋ ಇಲ್ಲವೋ ನೋಡಲು ಅಂಚಿಗೆ ನನ್ನ ಕಪ್ಪು ಶಾಯಿ ಬಳಿಯುತ್ತಿದ್ದ. ಕಲ್ಲಿಗೆ ಒಂದು ಸಲ ತಾಗಿಸಿದರೆ ಶಾಯಿ ಎಲ್ಲಿ ಹೋಯಿತೋ ಅಲ್ಲಿ ಕಲ್ಲು ತಾಗುತ್ತಿದೆ ಎಂದು ಲೆಕ್ಕ. ಉದ್ದಗಲಕ್ಕೂ ಸಮನಾಗಿ ಶಾಯಿ ಹೋಗುವ ತನಕ ಬಿಡುತ್ತಿರಲಿಲ್ಲ. ಅವನ ತಾಳ್ಮೆ ನೋಡಿ ನನಗೆ ನನ್ನ ಮೇಲೇ ಸಿಟ್ಟು ಬರತೊಡಗಿತು. ಇಂಥವನಿಗೆ ಕೈಯಲ್ಲಿ ಏನೂ ಇಲ್ಲ ಎಂದಿದ್ದೆನಲ್ಲ!

ಶ್ರಾವಣ, ಭಾದ್ರಪದ ಕಳೆಯುವುದರೊಳಗೆ ನಮ್ಮ ಮನೆಯ ಈಳಿಗೆ, ಚಾಕು, ಕತ್ತರಿ ಎಲ್ಲ ಆ ಕಲ್ಲಿನ ಮೇಲೆ ಹಾದುಹೋದವು. ಒಂದಕ್ಕೂ ಕುಂದಿರಲಿಲ್ಲ. ಉಳಿದದ್ದು, ಹಳೆಯದು ಕೆಟ್ಟ ಮೇಲೆ ತರಿಸಿದ್ದ ನನ್ನ ಹೊಸ ಬ್ಲೇಡು. ಅದೂ ಈಗ ಮೊಂಡಾಗಿತ್ತು. ದಸರೆ ಮುಗಿದ ಮೇಲೆ ಅದನ್ನು ನಿನಗೇ ಕೊಡುತ್ತೇನೆ ಎಂದೆ. ಅವನು ಹೂಂ ಎಂದು ತಲೆ ಅಲ್ಲಾಡಿಸಿ, ಮಗಳ ಬಾಣಂತನಕ್ಕೆಂದು ಹೆಂಡತಿ ಶಮೀಮಾಬಿಯ ಜೊತೆ ಕಲಘಟಗಿ ಕಡೆಯ ತಂಬೂರಕ್ಕೆ ಹೋದ.

ಮಹಾನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ. ದುಡಿಯುವ ಸಾಮಾನಿಗೆಲ್ಲ ಆ ದಿನ ಪೂಜೆ ಆಗಲೇಬೇಕು. ಅಚ್ಚಿನ ಯಂತ್ರಕ್ಕೆ, ಕತ್ತರಿಸುವ ಯಂತ್ರಕ್ಕೆ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದೆ. ಯಾಕೂಬಸಾಬನ ಕಲ್ಲನ್ನು ಮಾತ್ರ ಹಾಗೇ ಬಿಡಲು ಮನಸ್ಸಾಗಲಿಲ್ಲ. ಅವನಿಗೆ ಒಳ್ಳೆಯದಾಗಲಿ ಎಂಬ ಆಸೆ ನನಗೆ ಬಹಳವಿತ್ತು. ಕಲ್ಲಿಗೂ ವಿಭೂತಿ ಬಳಿದೆ. ಬರಿದಾದ ದೋಣಿ ಪೂಜೆಗೆ ಶೋಭೆಯಲ್ಲ ಎಂದು ಕಂಠಮಟ ನೀರು ತುಂಬಿ, ಅರಿಸಿನ ಕುಂಕುಮ ಹಾಕಿದೆ. ಕಲ್ಲು ನಡುವಿನ ಅಚ್ಚಿನವರೆಗೆ, ಅಂದರೆ ಸರಿಯಾಗಿ ಅರ್ಧ, ಮುಳುಗಿತು. ಪೂಜೆಯ ನೀರು ಚೆಲ್ಲಬಾರದು, ಪೂಜೆಯ ಸಾಮಾನು ಅಲುಗಿಸಬಾರದು. ಛಾಪಖಾನೆಗೂ ಐದು ದಿನ ರಜೆ.

ಮರುದಿನ ನೋಡಿದರೆ ನೀರು ನಾಲ್ಕು ಬೆರಳು ಇಳಿದಿತ್ತು. ದೋಣಿ ಸೋರುತ್ತಿರಲಿಲ್ಲ. ನನಗೆ ಮೈ ಜುಂ ಎಂದಿತು. "ದೇವರು ಸ್ವೀಕಾರ ಮಾಡ್ಯಾನ ನೋಡು!" ಎಂದು ಮಹಾದೇವಕ್ಕನಿಗೆ ಹೇಳಿದೆ. ಅವಳು ಕೈ ಮುಗಿದಳು. ಐದು ದಿನ, ದಿನವೂ ಸ್ನಾನ ಮಾಡಿ ಬಂದು, ಇಳಿದಷ್ಟು ನೀರನ್ನು ಮತ್ತೆ ತುಂಬಿದೆ. ಇಬ್ಬರು ಮೂವರು ಗೆಳೆಯರಿಗೂ ಹೇಳಿಕೊಂಡು ಮೆರೆದೆ. ಆರನೆಯ ದಿನ ಮಹಾದೇವಕ್ಕ ಆ ನೀರನ್ನು ಮಲ್ಲಿಗೆಯ ಬುಡಕ್ಕೆ ಹಾಕಿ, ದೋಣಿ ಒರೆಸಿ, ಹೂ ತೆಗೆದು ಎಲ್ಲ ಸ್ವಚ್ಛ ಮಾಡಿದಳು. ಮಾರನೆಯ ಮುಂಜಾನೆ ಯಾಕೂಬಸಾಬ ಬಂದ.

ಅವನು ಜಾಣ. ಹೊಸ ಬ್ಲೇಡು ಮುಟ್ಟುವ ಮೊದಲು, ತಾನು ಹಿಂದೆ ಕೆಡಿಸಿದ್ದ ಬ್ಲೇಡನ್ನೇ ಪರೀಕ್ಷೆಗೆ ತೆಗೆದುಕೊಂಡ. ಶಾಯಿ ಬಳಿದ, ಸಲಾಕೆಗೆ ಒರಗಿಸಿದ, ತುಳಿದ. ಕಲ್ಲು ಧಡಕ್ ಧಡಕ್ ಎಂದು ಎಗರಿತು. ಶಾಯಿ ಒಂದು ಕಡೆ ಹೋಗಿತ್ತು, ಇನ್ನೊಂದು ಕಡೆ ಹಾಗೇ ಇತ್ತು. ಸಲಾಕೆ ಬಿಚ್ಚಿ ಮತ್ತೆ ಕೂಡಿಸಿದ. ಸೀಸದ ಪಟ್ಟಿ ತೂರಿಸಿ ನೋಡಿದ, ಸರಿಯಾಗೇ ಇತ್ತು. ಮತ್ತೆ ಅದೇ ಧಡಕ್. ಮಧ್ಯಾಹ್ನದ ತನಕ ಹೋರಾಡಿದ. ಅಂಚು ಹಾವು ಹರಿದಂತೆ ಅಂಕುಡೊಂಕಾಯಿತು.

ಕೊನೆಗೆ ಬ್ಲೇಡು ಕೆಳಗಿಟ್ಟು ಕಲ್ಲನ್ನು ಸುಮ್ಮನೆ ಕೈಯಿಂದ ತಿರುಗಿಸಿ ಬಿಟ್ಟ. ಅದು ಉಯ್ಯಾಲೆಯ ಹಾಗೆ ಹಿಂದೆ ಮುಂದೆ ಆಡಿ ನಿಂತಿತು. ನಿಂತಾಗ ಕೆಳಗೆ ಬಂದ ಕಡೆಗೆ ಸುಣ್ಣದ ಗುರುತು ಮಾಡಿದ. ಮೂರು ಸಲ ಬಿಟ್ಟ, ಮೂರು ಸಲವೂ ಅದೇ ಗುರುತು ಕೆಳಗೆ.

"ಒಂದು ಕಡಿ ಭಾರ ಐತ್ರಿ" ಎಂದ. "ತೂತು ನಡುವ ಬಿದ್ದಿಲ್ಲ. ನನ್ನ ಕೈನ ತಪ್ಪೇತಿ. ಸಣ್ಣ ಸಾಮಾನಿನಾಗ ಗೊತ್ತಾಗಿಲ್ಲ ಅಷ್ಟ. ನೀವು ಅವತ್ತು ಅಂದದ್ದು ಖರೇ ಐತ್ರಿ ಅಣ್ಣಾರ."

ಪಾನಾ ತೆಗೆದುಕೊಂಡು ಕಲ್ಲಿನ ಅಚ್ಚಿನ ನಟ್ಟು ಬಿಚ್ಚತೊಡಗಿದ. ಎರಡು ವರ್ಷ ಹಿಡಿದಿಟ್ಟುಕೊಂಡಿದ್ದ ಧೈರ್ಯ ನನ್ನ ಕಣ್ಣೆದುರೇ ಕಳಚಿ ಬೀಳುತ್ತಿತ್ತು. ನಾನು ಸಮಾಧಾನ ಹೇಳಲು ಬಗ್ಗಿದೆ. ಆಗ ಕಲ್ಲಿನ ಬದಿಯ ಮೇಲೆ, ಗೋಡೆಯ ಕಡೆಗೆ, ಒಂದು ಹಳದಿ ಗೆರೆ ಕಂಡಿತು. ಅರಿಸಿನದ ನೀರಿನ ಗೆರೆ, ಕಲ್ಲಿನ ಸರಿ ನಡುವೆ. ಅವನು ಸುಣ್ಣದ ಗುರುತು ಮಾಡಿದ್ದು ಆ ಗೆರೆಯ ಕೆಳಗಿನ ಅರ್ಧಕ್ಕೆ.

ದೇವರು ಕುಡಿದದ್ದಲ್ಲ. ಕಲ್ಲು ಕುಡಿದದ್ದು. ಐದು ದಿನ, ನನ್ನ ಕೈಯಿಂದ.

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಅನ್ನಿಸಿತು. ಪೂಜೆ ಮಾಡಿ ಕೆಡಿಸಿದೆ ಎಂದು ಹೇಗೆ ಹೇಳಲಿ? ಮೆರೆದದ್ದೂ ಗೆಳೆಯರ ಬಾಯಿಂದ ಊರಿಗೆಲ್ಲ ಗೊತ್ತಾಗಿತ್ತು. ಅಷ್ಟರಲ್ಲಿ ನಟ್ಟು ಅರ್ಧ ಬಿಚ್ಚಿತ್ತು.

"ಯಾಕೂಬಾ, ನಿಲ್ಲೋ" ಎಂದೆ. "ಕಲ್ಲು ರಾತ್ರಿ ಹಗಲು ನೀರಾಗ ನಿಂತ್ರ ಏನಾಗತೈತಿ?"

"ನಿಂದ್ರಸಬಾರದ್ರಿ. ಕಲ್ಲು ಕಡಿಯೋರು ಅದನ್ನ ಮೊದಲು ಹೇಳ್ಯಾರ. ನಿಂತ ಕಡಿ ನೀರು ಕುಡಿದು ಭಾರ ಆಗತೈತಿ, ಮೆತ್ತಗಾಗತೈತಿ. ಅದಕ್ಕ ಸಂಜಿಗೆ ನೀರು ಬಿಡತಿದ್ದೆ. ಯಾಕ್ರಿ?"

"ಐದು ದಿನ ನಿಂದ್ರಿಸೀನಿ. ನಾನ ತುಂಬೀನಿ. ಇಳಿದಂಗ ಇಳಿದಂಗ ಮತ್ತ ತುಂಬೀನಿ. ನಿನ್ನ ಕೈಯಾಗ ಏನೂ ತಪ್ಪಿಲ್ಲ. ಅವತ್ತೂ ಇರಲಿಲ್ಲ. ಬ್ಯಾಡ ಅಂದವಗ ಒತ್ತಾಯ ಮಾಡಿ ಕೊಟ್ಟಾಂವ ನಾನು."

ಅವನು ನನ್ನ ಮುಖವನ್ನೇ ನೋಡಿದ. ಗೆರೆ ತೋರಿಸಿದೆ. ಬೆರಳಿಂದ ಸವರಿದ, ಬೆರಳಿಗೆ ಹಳದಿ ಹತ್ತಿತು. ಸಿಟ್ಟಾಗುತ್ತಾನೆ, ಬೈಯುತ್ತಾನೆ, ಬೈಯಲಿ ಎಂದು ಕಾದೆ.

"ಅಂದ್ರ ತೂತು ನಡುವನ ಐತ್ರ್ಯಾ?" ಎಂದು ಕೇಳಿದ.

"ನಡುವನ ಐತೋ ಮಾರಾಯಾ!"

ಅವನು ನಗತೊಡಗಿದ. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಯಾಕೂಬಸಾಬ ಹಾಗೆ ನಗುತ್ತಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಹಾದೇವಕ್ಕ ಒಳಗಿಂದ ಓಡಿ ಬಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಕಲ್ಲನ್ನು ಬಿಚ್ಚಿ ಅಂಗಳದ ಬಿಸಿಲಿಗೆ ಹಾಕಿದೆವು. ಎಂಟು ದಿನ, ದಿನಕ್ಕೆರಡು ಸಲ ಮಗ್ಗುಲು ಹೊರಳಿಸಿದೆವು. ಈ ನಡುವೆ ಉಡಚಪ್ಪ ತನ್ನ ಮಗಳ ಲಗ್ನಪತ್ರಿಕೆಗೆಂದು ಬಂದು, ಕತ್ತರಿಸುವುದೊಂದೇ ಬಾಕಿ ಎಂದು ಕೇಳಿ ರೇಗಾಡಿದ. "ತಪ್ಪು ನಂದೈತಿ, ಸಾಣಿಯವನದಲ್ಲ. ಎಷ್ಟು ಬೇಕಷ್ಟು ಬೈಯಿ" ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ಅವನಿಗೇ ಗಾಬರಿಯಾಗಿ ಚಹಾ ಕುಡಿದು ಹೋದ. ಮುಂದಿನ ಸಂತೆಯ ದಿನ ಹನಮಂತಪ್ಪನ ಅಂಗಡಿಯ ಮುಂದೆ ನಿಂತು, ಬೈದಷ್ಟೇ ದೊಡ್ಡ ದನಿಯಲ್ಲಿ, ನೀರು ತುಂಬಿದ ಕಥೆಯನ್ನೂ ಹಳೆಯ ಬ್ಲೇಡಿನ ಕಥೆಯನ್ನೂ ಹೇಳಿದೆ. ಜನ ನನ್ನನ್ನು ನೋಡಿ ನಕ್ಕರು. ನಗಲಿ.

ಒಂಬತ್ತನೆಯ ದಿನ ಕಲ್ಲು ಕೂಡಿಸಿ, ಕೈಯಿಂದ ತಿರುಗಿಸಿ ಬಿಟ್ಟ. ಒಂದೊಂದು ಸಲ ಒಂದೊಂದು ಕಡೆ ನಿಂತಿತು. ಮೆತ್ತಗಾಗಿ ಸವೆದ ಭಾಗಕ್ಕೆ ಸರಿಯಾಗಿ ಉಳಿದದ್ದನ್ನೂ ಕಬ್ಬಿಣದ ಕೊಳವೆ ಹಿಡಿದು ದುಂಡಗೆ ತಿಕ್ಕಿದ. ಆಮೇಲೆ ಹೊಸ ಬ್ಲೇಡು. ಶಾಯಿ ಈ ತುದಿಯಿಂದ ಆ ತುದಿಗೆ ಸಮನಾಗಿ ಹೋಯಿತು. ಮಧ್ಯಾಹ್ನಕ್ಕೆ ಬ್ಲೇಡನ್ನು ಯಂತ್ರಕ್ಕೆ ಏರಿಸಿ, ಉಡಚಪ್ಪನ ಪತ್ರಿಕೆಗಳ ದಪ್ಪ ಕಟ್ಟು ಇಟ್ಟು, ಹಿಡಿ ಎಳೆದೆ. ಸರ್ ಎಂದು ಇಳಿಯಿತು. ಕತ್ತರಿಸಿದ ಬದಿ ನುಣ್ಣಗಿತ್ತು, ಮೊದಲನೆಯ ಪತ್ರಿಕೆಗೂ ಕೊನೆಯದಕ್ಕೂ ಒಂದೆಳೆ ವ್ಯತ್ಯಾಸವಿರಲಿಲ್ಲ.

"ಯಾಕೂಬಾ, ನೋಡಿಲ್ಲೆ!" ಎಂದು ತಿರುಗಿದೆ. ಅವನು ಕಾಗದದ ಬಂಡಲಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಪಾನಾ ಇನ್ನೂ ಕೈಯಲ್ಲೇ ಇತ್ತು. ಅಚ್ಚಿನ ಯಂತ್ರ ಶುರು ಮಾಡಿದರೂ ಏಳಲಿಲ್ಲ.

ಸಂಜೆ ಶಮೀಮಾಬಿ ಹುಡುಕಿಕೊಂಡು ಬಂದಳು. ಎಬ್ಬಿಸಲು ಹೋದ ನನ್ನನ್ನು ಕೈ ಅಡ್ಡ ಹಿಡಿದು ತಡೆದಳು.

"ಮಲಗ್ಲಿ ಬಿಡ್ರಿ ಅಣ್ಣಾರ. ಎರಡು ವರ್ಷದ ಹಿಂದ ಸಂತಿಯಾಗ ಬೈಸಿಕೊಂಡು ಬಂದ ದಿನದಿಂದ ಇವರು ಹಿಂಗ ಮಲಗಿದ್ದ ನಾ ನೋಡಿಲ್ಲ."

ನಾನು ಹೋಗಿ ಯಂತ್ರ ನಿಲ್ಲಿಸಿದೆ.